ನಾರಾವಿಯಿಂದ ಒಬ್ಬಳೇ

ಪ್ರಾಪ್ತಿ ವಕೀಲೆಯಾದಾಗ ಊರಿಗೆಲ್ಲ ಸಿಹಿ ಹಂಚಿದ್ದ ಅಣ್ಣು ಶೆಟ್ಟರು, ಮಗಳು ಬಂಟ್ವಾಳದ ಬಿ.ಸಿ. ರೋಡಿನಲ್ಲಿ ರೂಮು ಮಾಡಿ ಒಬ್ಬಳೇ ಇರುತ್ತೇನೆ ಎಂದಾಗ ಬೆಚ್ಚಿಬಿದ್ದರು. ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ ಇದ್ದವಳು. ಕಾಲು ಬಿಗಿ, ಕೈಯಲ್ಲಿ ಊರುಗೋಲು, ಮಾತು ನಿಧಾನ. ತಲೆ ಮಾತ್ರ ಮಹಾ ಚುರುಕು, ಹಟವಂತೂ ಕೇಳಲೇಬೇಡಿ. ಒಂದು ದಿನ ನ್ಯಾಯಾಧೀಶೆ ಆಗಿಯೇ ಸಿದ್ಧ ಎಂದು ಪಿಯುಸಿಯಲ್ಲೇ ಹೇಳಿದ್ದಳು.

ಕೊನೆಗೆ ತಾಯಿ ಸರಸಕ್ಕ ತೀರ್ಪು ಕೊಟ್ಟರು. "ಸೋಮವಾರ ಒಬ್ಬಳೇ ಬಸ್ಸಲ್ಲಿ ಹೋಗಿ ಹತ್ತು ಗಂಟೆಯೊಳಗೆ ನೀನು ಕೆಲಸಕ್ಕೆ ಸೇರುವ ವಕೀಲರ ಆಫೀಸು ಮುಟ್ಟು. ಮುಟ್ಟಿದ್ರೆ ರೂಮು. ಇಲ್ಲದಿದ್ರೆ ದಿನಾ ಪಪ್ಪನ ಕಾರು."

ಶೆಟ್ಟರೂ ಆಯ್ತು ಅಂದರು. ಆದರೆ ಅಪ್ಪನ ಜೀವ ಕೇಳಬೇಕಲ್ಲ! ನಮ್ಮ ಕಡೆ ಗೊತ್ತುಂಟಲ್ಲ, ಮದುವೆ ಕಾಗದದಿಂದ ಮಲ್ಲಿಗೆಯ ಚೆಂಡಿನವರೆಗೆ ಏನನ್ನೇ ಆಗಲಿ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟು, ಮುಂದಿನ ಊರಿನವರಿಗೆ ಒಂದು ಫೋನ್ ಹೊಡೆದರೆ ಮುಗಿಯಿತು. ಶೆಟ್ಟರು ಮಗಳನ್ನೂ ಹಾಗೆಯೇ ರವಾನಿಸಿದರು.

ನಾರಾವಿಯಿಂದ ಹೊರಡುವ ಬಸ್ಸಿನಲ್ಲಿ ಕಂಡಕ್ಟರ್ ಮುಂದಿನ ಸೀಟಿಗೆ ಟವೆಲು ಹಾಸಿ ಕಾದಿದ್ದ. "ಶೆಟ್ರು ಫೋನ್ ಮಾಡಿದ್ರು" ಎಂದ. ಮೂಡುಬಿದಿರೆಯಲ್ಲಿ ಇಳಿಯುವಾಗ ರಿಕ್ಷಾದ ನೌಫಲ್ ಹಾಜರು. "ಬನ್ನಿ ಅಕ್ಕ, ಬಂಟ್ವಾಳದ ಬಸ್ಸಿಗೆ ಬಿಡ್ತೇನೆ." ಬಂಟ್ವಾಳದ ಬಸ್ಸು ನಿಂತದ್ದು ಹತ್ತು ಹೆಜ್ಜೆ ಆಚೆ! ಆ ಬಸ್ಸಿನಲ್ಲಂತೂ ಕಂಡಕ್ಟರ್ ಇಡೀ ಬಸ್ಸಿಗೇ ಸಾರಿದ, "ಹುಷಾರಿಲ್ಲದ ಮಗು, ಜಾಗ ಬಿಡಿ!" ಇಪ್ಪತ್ತೈದು ವರ್ಷದ ವಕೀಲೆ ಮಗುವಂತೆ! ಪ್ರಾಪ್ತಿಗೆ ಮೈಯೆಲ್ಲ ಉರಿಯಿತು.

ನಡುದಾರಿಯ ಸಿದ್ದಕಟ್ಟೆಯಲ್ಲಿ ಅವಳು ಎದ್ದಳು. "ಇಳೀತೇನೆ."

"ಅಯ್ಯೋ, ಬಂಟ್ವಾಳ ಬರ್ಲಿಲ್ಲ!"

"ಗೊತ್ತುಂಟು."

ಇಳಿದೇಬಿಟ್ಟಳು. ಬಸ್ಸು ಹೋಯಿತು. ಮರುಕ್ಷಣವೇ ವಾಚು ನೋಡಿಕೊಂಡಳು. ಮುಂದಿನ ಬಸ್ಸು ತಡವಾದರೆ ರೂಮಿನ ಆಸೆ ಅಲ್ಲಿಗೇ ಮುಗಿಯಿತು. ಹೆಡ್ಡತನ ಮಾಡಿದೆನೇ ಎಂದು ತನ್ನನ್ನೇ ಬೈದುಕೊಂಡಳು.

ಅಂತೂ ಇನ್ನೊಂದು ಬಸ್ಸು ಬಂತು. ಕಾಲಿಡಲು ಜಾಗವಿಲ್ಲದಷ್ಟು ರಶ್ಶು. ಕಂಡಕ್ಟರ್ ಯಾರೋ ಹೊಸಬ. "ಬೇಗ, ಬೇಗ!" ಎಂದು ತೋಳಿಗೆ ಕೈ ಹಾಕಲು ಬಂದ.

"ಹಿಡೀಬೇಡಿ. ಒಂದು ನಿಮಿಷ ನಿಲ್ಲಿಸಿ. ನಾನೇ ಹತ್ತುತ್ತೇನೆ."

"ಟೈಮು ಹೋಗ್ತದೆ ಮಾರಾಯ್ತಿ!"

"ಹೋಗ್ಲಿ."

ಮೊದಲು ಊರುಗೋಲು, ಆಮೇಲೆ ಎಡಗಾಲು, ಕಂಬಿ ಹಿಡಿದು ಬಲಗಾಲನ್ನು ಎಳೆದುಕೊಂಡಳು. ಹತ್ತಿದಳು! ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ಅಯ್ಯೋ ಪಾಪ ಅನ್ನಲಿಲ್ಲ. ಕಂಡಕ್ಟರ್ ಮಾತ್ರ ಎಲ್ಲರಿಗೂ ಬೈದ ಹಾಗೆ ಅವಳಿಗೂ ಬೈದ, "ಬಾಗಿಲಲ್ಲಿ ನಿಲ್ಬೇಡಿ, ಒಳಗೆ ಹೋಗಿ! ಚಿಲ್ಲರೆ ತರ್ಲಿಕ್ಕೆ ಏನು ಧಾಡಿ?" ಅಂಥ ಸೊಗಸಾದ ಬೈಗುಳವನ್ನು ಪ್ರಾಪ್ತಿ ಹುಟ್ಟಿದಂದಿನಿಂದ ಕೇಳಿರಲಿಲ್ಲ. ಬಿ.ಸಿ. ರೋಡಿನವರೆಗೂ ಒಬ್ಬಳೇ ನಗುತ್ತಾ ನಿಂತಳು.

ಬೆವರಿಳಿಸಿಕೊಂಡು ಆಫೀಸಿನ ಮೆಟ್ಟಿಲು ಹತ್ತಿದಾಗ ಹಿರಿಯ ವಕೀಲ ರುಕ್ಮಯ್ಯನವರು ಗೋಡೆಯ ಗಡಿಯಾರ ನೋಡಿದರು.

"ಹತ್ತಕ್ಕೆ ಎರಡು ನಿಮಿಷ ಉಂಟು. ಕೂತುಕೊಳ್ಳಿ. ಈ ಫೈಲು ಓದಿ."

ಅರ್ಧ ಗಂಟೆ ಕಳೆದ ಮೇಲೆ ಅಣ್ಣು ಶೆಟ್ಟರು ಓಡೋಡಿ ಬಂದರು. ಮಗಳು ನಡುದಾರಿಯಲ್ಲಿ ಇಳಿದಳೆಂದು ಮೊದಲಿನ ಬಂಟ್ವಾಳ ಬಸ್ಸಿನ ಕಂಡಕ್ಟರ್ ತಿಳಿಸಿದ್ದೇ ತಡ ಕಾರು ಹೊರಡಿಸಿ, ಸಿದ್ದಕಟ್ಟೆಯ ಅಂಗಡಿ ಅಂಗಡಿಯಲ್ಲಿ ವಿಚಾರಿಸಿ ಬಂದಿದ್ದರು. ಫೈಲಿನ ಮುಂದೆ ಕೂತ ಮಗಳನ್ನು ಕಂಡು ಬಾಗಿಲಲ್ಲೇ ಕೂತುಬಿಟ್ಟರು.

"ಜೀವ ಬಾಯಿಗೆ ಬಂದಿತ್ತು ಮಗಾ. ಹನ್ನೊಂದು ಜನಕ್ಕೆ ಫೋನ್ ಮಾಡಿದೆ. ಒಬ್ಬನಿಗೂ ನೀನೆಲ್ಲಿ ಅಂತ ಗೊತ್ತಿಲ್ಲ!"

ಕೋಪ ಮಾಡಬೇಕೆಂದಿದ್ದ ಪ್ರಾಪ್ತಿಗೆ ಅಪ್ಪನ ಮುಖ ನೋಡಿ ಅಯ್ಯೋ ಪಾಪ ಅನಿಸಿತು. ಆದರೂ ಕೇಳಿದಳು, "ನನಗೆ ಗೊತ್ತಿತ್ತಲ್ಲ ಪಪ್ಪ? ನನ್ನ ಫೋನ್ ಬೆಳಿಗ್ಗೆಯಿಂದ ಆನ್ ಉಂಟು. ಹನ್ನೊಂದು ಜನರ ಬದಲು ನನಗೆ ಒಂದು ಮಾಡ್ಬಹುದಿತ್ತಲ್ಲ?"

ಅದು ಶೆಟ್ಟರಿಗೆ ಹೊಳೆದೇ ಇರಲಿಲ್ಲ.

ಅಷ್ಟರಲ್ಲಿ ಅವರ ಜೇಬಿನ ಫೋನು ಹೊಡೆದುಕೊಂಡಿತು. ಆ ಕಡೆ ಸರಸಕ್ಕ. "ಮುಟ್ಟಿದ್ಲಾ? ಎಷ್ಟು ಗಂಟೆಗೆ? ತಿಂಡಿ ತಿಂದ್ಲಾ?"

ಶೆಟ್ಟರು ಉತ್ತರಿಸಲು ಹೊರಟವರು ತಡೆದುಕೊಂಡರು. ಕಣ್ಣೊರೆಸಿಕೊಂಡು ಫೋನನ್ನು ಮಗಳ ಕಡೆ ಚಾಚಿದರು.

"ನನ್ನ ಹತ್ರ ಯಾಕೆ ಕೇಳ್ತಿ? ಅವಳ ಹತ್ರವೇ ಕೇಳು."