ಹೂವಿನ ಕಾರಿನ ಗೇಜು

ನಾನು ಒಂದು ಗೇಜು. ಹಳೇ ಕಾರಿನ ಇಂಜಿನ್ ಎಷ್ಟು ಕಾದಿದೆ ಎಂದು ಹೇಳುವುದು ನನ್ನ ಕೆಲಸ. ಹೇಳುವುದು ಮಾತ್ರ ನನ್ನ ಪಾಲಿನದು. ಕೇಳುವುದು, ಬಿಡುವುದು ಕಾರಿನಲ್ಲಿ ಕೂತವರಿಗೆ ಬಿಟ್ಟದ್ದು. ನನ್ನ ಬಾಳಿನ ಗೋಳೆಲ್ಲ ಅಲ್ಲೇ ಇದೆ.

ನಾನು ಹುಟ್ಟಿದ್ದು ಕಾರ್ಖಾನೆಯಲ್ಲಲ್ಲ. ಅಲ್ಲಿ ಹುಟ್ಟಿದ ಗೇಜುಗಳಿಗೆ ಒಂದೇ ಮುಖದ ಸಾವಿರಾರು ಅಣ್ಣತಮ್ಮಂದಿರಿರುತ್ತಾರಂತೆ. ನನಗೆ ಯಾರೂ ಇಲ್ಲ. ಗದಗಿನ ಒಂದು ಇಕ್ಕಟ್ಟಾದ ಓಣಿಯಲ್ಲಿ ಮೌನೇಶ ಪತ್ತಾರ ಎಂಬವನು ನನ್ನನ್ನು ಕೈಯಿಂದ ಕಟ್ಟಿದ. ಅವನ ಮನೆತನದ್ದು ಬಂಗಾರದ ಕೆಲಸ. ಇವನಿಗೆ ಮಾತ್ರ ಬಂಗಾರಕ್ಕಿಂತ ರೇಡಿಯೊದ ಹೊಟ್ಟೆಯೊಳಗಿನ ತಂತಿಗಳ ಮೇಲೆ ಪ್ರೀತಿ. ಬೆಂಡೋಲೆ ಕೊರೆಯುವ ಸಣ್ಣ ಗರಗಸದಿಂದಲೇ ಹಿತ್ತಾಳೆ ತಗಡು ಕತ್ತರಿಸಿ ನನ್ನ ಮುಖ ಮಾಡಿದ. ಮುಳ್ಳು ತಿರುಗಿಸಲು ಕೆಟ್ಟ ಪ್ರಿಂಟರಿನೊಳಗಿಂದ ಬೆರಳುಗುರಿನಷ್ಟು ಮೋಟರು ತೆಗೆದ. ಗಾಜು ಯಾವುದೋ ಟೈಂಪೀಸಿನದು. ನನ್ನ ಬೆನ್ನಿನಿಂದ ಉದ್ದ ತಂತಿ ಹೊರಟು, ಅದರ ತುದಿಯಲ್ಲಿ ಬಿಸಿ ಗುರುತಿಸುವ ಒಂದು ಮಣಿ ಇತ್ತು. ಅದು ನನ್ನ ನಾಲಗೆ. ಮುಂದೆ ಇಂಜಿನ್ನಿನೊಳಗೆ ಕೂಡಬೇಕಾದ ಆ ನಾಲಗೆಯನ್ನು ಮೌನೇಶ ಮೊದಲು ಅದ್ದಿದ್ದು ಚಹಾದ ಕಿಟ್ಲಿಯಲ್ಲಿ. ಪಕ್ಕದಲ್ಲಿ ಥರ್ಮಾಮೀಟರ್ ಹಿಡಿದು, ಚಹಾ ಕುದಿಯುತ್ತ ಹೋದಂತೆ ನನ್ನ ಮುಖದ ಮೇಲೆ ಹಸಿರು, ಹಳದಿ, ಕೆಂಪು ಬಣ್ಣದ ಪಟ್ಟಿ ಬರೆದ. ಆಮೇಲೆ ಆ ಚಹಾವನ್ನೂ ಸೋಸಿ ಕುಡಿದ. ಅಂಥ ಮನುಷ್ಯ.

ನನ್ನನ್ನು ಮಾಡಲು ಹೇಳಿದವರು ಹೂವಿನಂಗಡಿಯ ರಾಚಪ್ಪ ಹೂಗಾರ ಮತ್ತು ಅವನ ಹೆಂಡತಿ ನೀಲವ್ವ. ಅವರದೊಂದು ಕೆನೆಬಣ್ಣದ, ದುಂಡು ಬೆನ್ನಿನ ಹಳೇ ಕಾರು. ಮದುವೆಗೆ ಹೂವು ಒಯ್ಯುವುದೂ ಅದರಲ್ಲೇ, ಮದುಮಗಳನ್ನು ಕರೆತರುವುದೂ ಅದರಲ್ಲೇ. ಕಾರು ನೀಲವ್ವನ ತಂದೆಯದು. ಆತ ತೀರಿಹೋದ ಮೇಲೆ ಆಕೆಗೆ ತವರಿನಿಂದ ಬಂದದ್ದೆಂದರೆ ಅದೊಂದೇ. ಅದು ಒಮ್ಮೆ ಮುಂಡರಗಿ ರಸ್ತೆಯಲ್ಲಿ ಕುದಿದು ನಿಂತಿತ್ತು. ರಿಪೇರಿ ಮಾಡಿದ ದಸ್ತಗೀರ ಮೇಸ್ತ್ರಿ ಖಡಾಖಂಡಿತವಾಗಿ ಹೇಳಿದ್ದ: "ಇದs ಕಡೀದು ನೋಡ್ರಿ. ಇನ್ನೊಮ್ಮೆ ಕುದ್ದ್ರ ಗುಜರಿಗೆ ಹಾಕೂದ. ನನ್ನ ಹಂತ್ಯಾಕ ತರಬ್ಯಾಡ್ರಿ." ಕಾರಿನ ಮೂಲ ಗೇಜು ಸತ್ತು ವರ್ಷಗಳಾಗಿದ್ದವು, ಅಂಥದ್ದು ಎಲ್ಲೂ ಸಿಗುತ್ತಿರಲಿಲ್ಲ. ಹಾಗಾಗಿ ನಾನು.

ನನ್ನನ್ನು ಒಯ್ಯಲು ಬಂದ ದಿನ ಮೌನೇಶ ಹೆಮ್ಮೆಯಿಂದ ತೋರಿಸಿದ. "ಮುಳ್ಳು ಕೆಂಪಿಗೆ ಬಂತಂದ್ರ ಈ ದೀಪ ಹತ್ತತೈತಿ ರಾಚಣ್ಣ. ಕೂಡೇ ಕೀಂ ಅಂತ ಒದರತೈತಿ."

"ಒದರತೈತಿ?" ರಾಚಪ್ಪ ಹುಬ್ಬು ಗಂಟಿಕ್ಕಿದ. "ಲೇ ಪತ್ತಾರ, ನಂದು ಮದುವಿ ಗಾಡಿ. ಹಿಂದ ಮದುಮಗಳು ಕುಂತಾಗ ಇದು ಕೀಂ ಅಂತ ಅತ್ರ ಬೀಗರು ಏನಂದಾರು? ಅಪಶಕುನ! ಬಾಯಿ ಕಟ್ಟು ಅದರದು."

"ಅಣ್ಣಾ, ಕಣ್ಣು ರಸ್ತೆ ಮ್ಯಾಲ ಇರ್ತಾವ. ಕಿವಿಗಾದ್ರೂ ಬೀಳಬೇಕಲ್ಲ?"

"ನನಗ ಕಣ್ಣೂ ಬ್ಯಾಡ, ಕಿವೀನೂ ಬ್ಯಾಡ. ಮೂಗು ಐತಿ. ಇಂಜಿನ್ ಕಾಯಾಕ ಹತ್ತಿದ್ರ ವಾಸನಿ ಮ್ಯಾಲ ಹೇಳ್ತೀನಿ."

"ಹ್ವಾದ ಸಲ ಕುದ್ದಾಗ ಆ ಮೂಗು ಎಲ್ಲಿಗೆ ಹೋಗಿತ್ರಿ?" ಎಂದಳು ನೀಲವ್ವ.

"ನೆಗಡಿ ಆಗಿತ್ತು."

ಮೌನೇಶ ಬಾಯಿಯ ತಂತಿ ಬಿಚ್ಚಿ, ಟೇಪು ಸುತ್ತಿ, ನನ್ನ ಹೊಟ್ಟೆಯೊಳಗೇ ಮಡಚಿಟ್ಟ. ಹೀಗೆ ನಾನು ಕೆಲಸಕ್ಕೆ ಸೇರುವ ಮೊದಲೇ ಮೂಕನಾದೆ.

ಡ್ಯಾಶ್‌ಬೋರ್ಡಿನಲ್ಲಿ ನನ್ನ ನೆರೆಹೊರೆಯನ್ನು ಕೇಳಬೇಡಿ. ಎಡಕ್ಕಿದ್ದ ವೇಗದ ಮುಳ್ಳು ಸೊನ್ನೆಯ ಮೇಲೆ ಮಲಗಿ ಎಷ್ಟೋ ಕಾಲವಾಗಿತ್ತು. ಬಲಕ್ಕಿದ್ದ ಪೆಟ್ರೋಲ್ ಗೇಜು ಸದಾ ಅರ್ಧ ಟ್ಯಾಂಕು ತೋರಿಸಿಕೊಂಡು ಸುಖವಾಗಿತ್ತು. ದೀಪಗಳೆಲ್ಲ ಎಂದೋ ಕಣ್ಣು ಮುಚ್ಚಿದ್ದವು. ಅವುಗಳ ನಡುವೆ ನಿಜ ಹೇಳುವವನು ನಾನೊಬ್ಬನೇ. ಅದಕ್ಕೆ ಸಿಕ್ಕ ಮರ್ಯಾದೆ ಏನು? ರಾಚಪ್ಪ ದಿನಾ ಬೆಳಗ್ಗೆ ಬೆರಳು ಮಡಚಿ ನನ್ನ ಗಾಜಿಗೆ ಟಕ್ ಟಕ್ ಎಂದು ಕುಟ್ಟುತ್ತಿದ್ದ. ಹಳೇ ಗೇಜು ಕುಟ್ಟಿದರೆ ಮಾತ್ರ ಏಳುತ್ತಿತ್ತಂತೆ, ಅದೇ ರೂಢಿ. ನಾನು ಎದ್ದೇ ಇದ್ದೇನಪ್ಪಾ ಎಂದು ಹೇಗೆ ಹೇಳಲಿ? ಮೇಲಿನ ಕನ್ನಡಿಗೆ ಅವನು ತೂಗುಹಾಕುತ್ತಿದ್ದ ಸೇವಂತಿಗೆ ಮಾಲೆ ತಿರುವಿಗೊಮ್ಮೆ ನನ್ನ ಮುಖಕ್ಕೆ ಬಡಿಯುತ್ತಿತ್ತು. ನೀಲವ್ವ ಒಬ್ಬಳೇ ಆಗಾಗ ಮಾಲೆ ಸರಿಸಿ ನನ್ನ ಕಡೆ ಬಗ್ಗಿ ನೋಡುತ್ತಿದ್ದಳು. "ಹಸಿರಿನ್ಯಾಗ ಐತ್ರಿ" ಎನ್ನುತ್ತಿದ್ದಳು. "ಯಾರು ಕೇಳ್ಯಾರ ನಿನ್ನ?" ಎನ್ನುತ್ತಿದ್ದ ಅವನು.

ಆಮೇಲೆ ಖಂಡೇ ಪೂಜೆ ಬಂತು. ದಸರೆಯಲ್ಲಿ ಆಯುಧಗಳಿಗೆಲ್ಲ ಪೂಜೆ ಮಾಡುತ್ತಾರಲ್ಲ, ಆ ದಿನ. ಕತ್ತರಿ, ಸೂಜಿ, ಬುಟ್ಟಿ, ತಕ್ಕಡಿ ಎಲ್ಲ ಮುಗಿಸಿ ರಾಚಪ್ಪ ಕಾರಿಗೆ ಬಂದ. ಭಕ್ತಿಯಲ್ಲಿ ಅವನದು ಧಾರಾಳ ಕೈ. ವಿಭೂತಿ ಗಟ್ಟಿಯಾಗಿ ಕಲಸಿ, ಮೂರು ಬೆರಳು ಅದ್ದಿ, ನನ್ನ ಗಾಜಿನ ಮೇಲೆ ಈ ಕಡೆಯಿಂದ ಆ ಕಡೆಗೆ ಎಳೆದ. ಹಸಿರೂ ಹೋಯಿತು, ಹಳದಿಯೂ ಹೋಯಿತು, ಕೆಂಪೂ ಹೋಯಿತು. ಹೊರಗಿನದೆಲ್ಲ ನನಗೂ ಮಸುಕು ಮಸುಕಾಗಿ ಕಾಣತೊಡಗಿತು. ಎಚ್ಚರಿಕೆಯ ದೀಪ ಗುಂಡಗೆ ಹಣೆಬೊಟ್ಟಿನಂತೆ ಕಂಡಿತೋ ಏನೋ, ಅದರ ಮೇಲೆ ಸರಿಯಾಗಿ ಕುಂಕುಮ ಒತ್ತಿದ. ಕೈ ಮುಗಿದ. ಯಪ್ಪಾ, ದೇವರ ಲೆಕ್ಕದಲ್ಲಿ ನನ್ನನ್ನು ಹಿಡಿದದ್ದು ದೊಡ್ಡ ಮಾತು, ಆದರೆ ದೇವರಿಗೂ ಕಣ್ಣು ಬಿಟ್ಟು ಉಳಿದ ಕಡೆ ಹಚ್ಚುತ್ತಾರೆ!

ಪೂಜೆ ಮಾಡಿದ್ದನ್ನು ಒರೆಸುವಂತಿಲ್ಲ, ತಾನಾಗಿಯೇ ಉದುರಬೇಕು. ಉದುರುವ ಮೊದಲೇ ದೀಪಾವಳಿ ಬಂತು. ಅಂಗಡಿಯ ಲಕ್ಷ್ಮೀಪೂಜೆಯ ಜೊತೆಗೆ ನನಗೂ ಇನ್ನೊಂದು ಬಳಿತ ಬಿತ್ತು.

ತುಳಸಿ ಲಗ್ನ ಮುಗಿದು ಮದುವೆಗಳು ಶುರುವಾದವು. ಮೊದಲನೆಯದೇ ಲಕ್ಷ್ಮೇಶ್ವರದಲ್ಲಿ. ಹಿಂದಿನ ಸೀಟಿನ ತುಂಬ ಸುಗಂಧರಾಜದ ಹಾರಗಳು, ಬುಟ್ಟಿಗಟ್ಟಲೆ ಮಲ್ಲಿಗೆ, ನೀರಿನ ಕ್ಯಾನು. ಮುಂದೆ ನೀಲವ್ವನ ತೊಡೆಯ ಮೇಲೆ ಮದುಮಕ್ಕಳ ಬಾಸಿಂಗದ ಬುಟ್ಟಿ. ಮುಹೂರ್ತದ ಅಕ್ಕಿಕಾಳು ಬೀಳುವುದರೊಳಗೆ ಮುಟ್ಟಬೇಕೆಂದು ರಾಚಪ್ಪ ಕಾರು ಓಡಿಸುತ್ತಿದ್ದ. ಮುಳಗುಂದ ದಾಟಿ ಸ್ವಲ್ಪ ದೂರ ಹೋಗಿರಬೇಕು, ಮುಂದೆಲ್ಲೋ ಪಟ್ ಎಂದು ಸಣ್ಣ ಸದ್ದಾಯಿತು. ಇಂಜಿನ್ ತಂಪಾಗಿಡುವ ಫ್ಯಾನಿನ ಬೆಲ್ಟ್ ಹರಿದಿತ್ತು. ಅವರಿಗೆ ಕೇಳಲಿಲ್ಲ. ನನ್ನ ನಾಲಗೆಗೆ ಮಾತ್ರ ತಿಳಿಯಿತು. ಬಿಸಿ ಏರತೊಡಗಿತು. ಹಳದಿ. ಹಳದಿಯ ತುದಿ. ಕೆಂಪು. ನಾನು ದೀಪ ಹಚ್ಚಿದೆ. ಇನ್ನೇನು ಮಾಡಲಿ? ಕೈಕಾಲು ಇದ್ದರೆ ಒದೆಯುತ್ತಿದ್ದೆ.

ರಾಚಪ್ಪನ ಕಣ್ಣು ನನ್ನ ಮೇಲೆ ಬಿತ್ತು! ಅಬ್ಬಾ, ಕಡೆಗೂ ನೋಡಿದ ಎಂದುಕೊಂಡೆ.

"ನೋಡ ನೀಲಾ," ಎಂದ ಖುಷಿಯಿಂದ, "ಕುಂಕುಮ ಇವತ್ತ ಎಷ್ಟು ಚಂದ ಹೊಳ್ಯಾಕತ್ತೈತಿ. ಒಳ್ಳೇ ಶಕುನ."

ಇಂಥವನ ಕಾರಿನಲ್ಲಿ ಇದ್ದೆ ನಾನು.

ನೀಲವ್ವ ಕಾಲು ಮೇಲೆ ಎಳೆದುಕೊಂಡಳು. "ಯಾಕ್ರೀ ಕಾಲಾಗ ಝಳ ಹೊಡ್ಯಾಕತ್ತೈತಿ?"

"ಬಿಸಿಲು."

"ಕಾಲಬುಡಕ ಬಿಸಿಲ?" ಆಕೆ ನನ್ನ ಕಡೆ ತಿರುಗಿದಳು. ಮಾಲೆ ಸರಿಸಿದಳು. "ಅಲ್ರೀ, ಕುಂಕುಮ ತಾನs ಹೊಳ್ಯಾಕ ಅದೇನು ದೀಪ ಏನ್ರಿ?" ಮಾತು ಬಾಯಿಂದ ಬಿದ್ದ ಮೇಲೆ ಆಕೆಗೇ ಹೊಳೆಯಿತು. ಹಿಂದೆ ಬಾಗಿ, ಸೆರಗಿನ ತುದಿಯನ್ನು ಮಲ್ಲಿಗೆ ಬುಟ್ಟಿಗೆ ಹೊದಿಸಿದ್ದ ಒದ್ದೆ ಬಟ್ಟೆಗೆ ಒತ್ತಿ ತೋಯಿಸಿದಳು.

"ಏ, ಏ! ಪೂಜಿ ಮಾಡಿದ್ದು! ಒರಸಬ್ಯಾಡ!"

"ಬಸವಣ್ಣಾ, ತಪ್ಪು ತಿಳೀಬ್ಯಾಡಪ್ಪ" ಎಂದು ಕಣ್ಣಿಗೆ ಕೈ ಒತ್ತಿಕೊಂಡು ಆಕೆ ನನ್ನ ಮುಖವನ್ನು ಒಂದೇ ಏಟಿಗೆ ಒರೆಸಿದಳು. ಬೆಳಕು! ದಸರೆಯ ನಂತರ ಮೊದಲ ಸಲ ನಾನು ನಿಚ್ಚಳ ಬೆಳಕು ಕಂಡೆ. ಆಕೆ ಮುಳ್ಳು ಕಂಡಳು.

"ಮುಳ್ಳು ಕೆಂಪು ದಾಟೈತಿ! ನಿಲ್ಲಸ್ರಿ!"

"ಅಕ್ಕಿಕಾಳಿನ ಹೊತ್ತಾತು. ಅದು ಪತ್ತಾರನ ಆಟಗಿ ಸಾಮಾನು, ಏನರ ತೋರಸ್ತೈತಿ. ಕಾದಿದ್ರ ನನಗ ವಾಸನಿ ಬರ್ತಿದ್ದಿಲ್ಲ?"

"ಸುಗಂಧರಾಜದಾಗ ಮುಳುಗಿ ಕುಂತೀರಿ, ನಿಮಗ ಯಾವ ವಾಸನಿ ಬರತೈತ್ರಿ!" ಆಕೆ ತೊಡೆಯ ಮೇಲಿನ ಬುಟ್ಟಿ ಬದಿಗೆ ಸರಿಸಿದಳು. "ನಮ್ಮಪ್ಪನ ಗಾಡಿ ಇದು!"

ಕೈ ಚಾಚಿ ಕೀಲಿ ತಿರುವಿ ಕಿತ್ತುಕೊಂಡಳು. ಕಾರು ಸದ್ದಡಗಿ, ಉರುಳುತ್ತ ಹೋಗಿ, ಒಂದು ಬೇವಿನ ಮರದ ಬುಡದಲ್ಲಿ ನಿಂತಿತು.

ಬಾನೆಟ್ ಎತ್ತಿದ ರಾಚಪ್ಪ ಹಿಂದೆ ಸರಿದ. ಉಗಿ ಬುಸುಗುಟ್ಟುತ್ತಿತ್ತು, ಹರಿದ ಬೆಲ್ಟು ಜೋತುಬಿದ್ದಿತ್ತು. ಅವನು ಗಡಿಬಿಡಿಯಲ್ಲಿ ನೀರಿನ ಕ್ಯಾನು ಎತ್ತಿದ.

"ತಡೀರಿ!" ನೀಲವ್ವ ಅಡ್ಡ ನಿಂತಳು. "ಕಾದ ಇಂಜಿನ್ನಿಗೆ ತಣ್ಣೀರು ಹಾಕಿದ್ರ ಸೀಳತೈತಿ ಅಂತಿದ್ದ ನಮ್ಮಪ್ಪ. ಅದರ ಪಾಡಿಗೆ ಅದು ಆರಲಿ. ನೀವು ಹೂವು ತಗೊಂಡು ನಡೀರಿ."

ಒಂದು ಹಾಲಿನ ಗಾಡಿ ಬಂತು. ರಾಚಪ್ಪ ಹಾರ, ಬುಟ್ಟಿ, ಬಾಸಿಂಗ ಎಲ್ಲ ಅದಕ್ಕೆ ಏರಿಸಿ ಹೊರಟ. ದಸ್ತಗೀರನಿಗೆ ಬೆಲ್ಟು ತರಲು ಫೋನು ಹಚ್ಚಿ ನೀಲವ್ವ ಕಾರಿನಲ್ಲೇ ಕೂತಳು, ತಂದೆ ಕೂತು ಓಡಿಸುತ್ತಿದ್ದ ಸೀಟಿನಲ್ಲಿ. ಆಗಾಗ ಇಂಜಿನ್ ಹಚ್ಚದೆ ಕೀಲಿ ಅರ್ಧ ತಿರುವಿ ನನ್ನನ್ನು ಎಬ್ಬಿಸುತ್ತಿದ್ದಳು. ಕೆಂಪು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು. ಹಳದಿ. ಕುಟ್ಟಲಿಲ್ಲ, ಬೈಯಲಿಲ್ಲ, ಸುಮ್ಮನೆ ನೋಡಿದಳು. ಮುಳ್ಳು ಹಸಿರಿಗೆ ಇಳಿದಾಗ ಹೆಬ್ಬೆರಳಿನಿಂದ ನನ್ನ ಗಾಜಿನ ಅಂಚಿನಲ್ಲಿ ಉಳಿದಿದ್ದ ವಿಭೂತಿ ಒರೆಸಿ, ಅದನ್ನೇ ಹಣೆಗೆ ಹಚ್ಚಿಕೊಂಡಳು. ನನ್ನ ಹುಟ್ಟು ಆವತ್ತು ಸಾರ್ಥಕವಾಯಿತು ಎನ್ನಬೇಕು.

ದಸ್ತಗೀರ ಬಂದು ನೋಡಿ, "ಕೂದಲೆಳಿಯಾಗ ಉಳಿದೈತಿ ಅಕ್ಕಾರ" ಎಂದ. ಬೆಲ್ಟು ಹಾಕಿ, ನೀರು ತುಂಬಿ, ಕಾರು ಹಚ್ಚಿದ. ಹತ್ತಿತು.

ಇಷ್ಟೆಲ್ಲ ಆದ ಮೇಲೆ ರಾಚಪ್ಪ ಊರಿಗೆಲ್ಲ ಏನು ಹೇಳಿಕೊಂಡು ತಿರುಗಿದ ಗೊತ್ತೆ? "ಫ್ಯಾನ್ ಬೆಲ್ಟು ಹರೀತು ನೋಡು, ಕೂಡೇ ವಾಸನಿ ಬಂತು ನನಗ. ಗಕ್ಕನ ನಿಲ್ಲಿಸಿಬಿಟ್ಟೆ." ನೀಲವ್ವ ಹೂವು ಕಟ್ಟುತ್ತ ಕೇಳಿಸಿಕೊಂಡಳು, ಅಷ್ಟೆ. ನನಗಾದರೂ ಬಾಯಿಲ್ಲ, ಆಕೆಗೇನಾಗಿತ್ತು?

ಕಾರು ಆಮೇಲೆ ಎಷ್ಟೋ ಮದುಮಕ್ಕಳನ್ನು ಹೊತ್ತಿತು. ಕೊನೆಗೆ ತಳದ ತಗಡು ತುಕ್ಕು ಹಿಡಿದು ಕಾಲ ಕೆಳಗೆ ರಸ್ತೆ ಕಾಣತೊಡಗಿದಾಗ ನೀಲವ್ವನೇ, "ಸಾಕು, ಪಾಪ" ಎಂದಳು. ಅದು ಸತ್ತದ್ದು ತಳದಿಂದ, ಇಂಜಿನ್ನಿನಿಂದಲ್ಲ. ಇಂಜಿನ್ ಈಗ ಯಾವುದೋ ಹೊಲದಲ್ಲಿ ನೀರೆತ್ತುತ್ತಿದೆಯಂತೆ. ಗುಜರಿಯವರು ಬರುವ ಮೊದಲು ಆಕೆ ಮೌನೇಶನನ್ನು ಕರೆಸಿ ನನ್ನನ್ನು ಬಿಚ್ಚಿಸಿಕೊಂಡಳು.

ಈಗ ನಾನಿರುವುದು ಹೂವಿನಂಗಡಿಯ ಮೂಲೆಯಲ್ಲಿ. ಹೂವು ಬಾಡದಂತೆ ಇಡುವ ಹಳೇ ಫ್ರಿಜ್ಜಿನ ಬಾಗಿಲ ಮೇಲೆ. ಮೌನೇಶ ಬಣ್ಣದ ಪಟ್ಟಿ ಅಳಿಸಿ ತಂಪಿಗೆ ತಕ್ಕಂತೆ ಮತ್ತೆ ಬರೆದ. ಮುದುಕನಾಗಿದ್ದಾನೆ, ಪಟ್ಟಿ ಸೊಟ್ಟಗಾಗಿದೆ. ಹೊಟ್ಟೆಯೊಳಗೆ ಮಡಚಿಟ್ಟಿದ್ದ ತಂತಿ ಬಿಡಿಸಿ, "ವೈನಿ, ಬಾಯಿ ಕೊಡ್ಲೇನು ಇದಕ್ಕ?" ಎಂದು ನೀಲವ್ವನನ್ನು ಕೇಳಿದ. ಆಕೆ ಗಂಡನ ಕಡೆ ನೋಡದೆ, "ಕೊಡಪಾ" ಎಂದಳು.

ಈಗ ಬಾಗಿಲು ಅರೆ ತೆರೆದು ಬಿಟ್ಟರೆ ನಾನು ಕೀಂ ಎಂದು ಒದರುತ್ತೇನೆ. ಬಾಗಿಲು ಬಿಡುವವನು ಯಾವಾಗಲೂ ರಾಚಪ್ಪನೇ. "ಬಂದೆಪಾ ಬಂದೆ, ಬಾಯಿ ಮುಚ್ಚು" ಎಂದು ಗೊಣಗುತ್ತ ಮಂಡಿ ಹಿಡಿದುಕೊಂಡು ಎದ್ದು ಬರುತ್ತಾನೆ. ಬಾಗಿಲು ಹಾಕಿ, ನನ್ನ ಗಾಜಿಗೆ ಟಕ್ ಟಕ್ ಎಂದು ಕುಟ್ಟುತ್ತಾನೆ. ಆ ಚಟ ಅವನೊಂದಿಗೇ ಹೋಗಬೇಕು.

ಈ ವರ್ಷದ ಖಂಡೇ ಪೂಜೆಯಲ್ಲೂ ಅವನು ವಿಭೂತಿಯ ಬಟ್ಟಲು ಹಿಡಿದು ನನ್ನ ಮುಂದೆ ಬಂದು ನಿಂತ. ಮೂರು ಬೆರಳು ಅದ್ದಿದ. ಮುಗಿಯಿತು, ಮತ್ತೆ ಕಣ್ಣಿಗೆ ಮಸುಕು ಎಂದುಕೊಂಡೆ. ಅವನ ಕೈ ಗಾಜಿನ ಮುಂದೆ ತಡೆಯಿತು. ಅತ್ತಿತ್ತ ನೋಡಿದ. ನೀಲವ್ವ ತಲೆ ಬಗ್ಗಿಸಿ ಮಾಲೆ ಕಟ್ಟುತ್ತಿದ್ದಳು. ಅವನು ಬಗ್ಗಿ, ಕನ್ನಡಕ ಏರಿಸಿಕೊಂಡು, ನನ್ನ ಗಾಜಿನ ಮೇಲಂಚಿನ ಹಿತ್ತಾಳೆಯ ಬಳೆಯ ಮೇಲೆ ಉಗುರಿನಷ್ಟು ಸಣ್ಣ ಮೂರು ಗೆರೆ ಎಳೆದ. ದೀಪ ಬಿಟ್ಟು ಪಕ್ಕದಲ್ಲಿ ಕುಂಕುಮ ಇಟ್ಟ. ಗಾಜಿಗೆ ತಗುಲಿದ್ದ ಒಂದು ಚೂರನ್ನು ತಾನೇ ಒರೆಸಿದ.

ನೀಲವ್ವ ತಲೆ ಎತ್ತಲಿಲ್ಲ. ಆದರೆ ಆಕೆಯ ಕೈಯಲ್ಲಿ ದಾರ ಒಂದು ಗಳಿಗೆ ನಿಂತದ್ದು, ಈಗ ಮುಖದ ಮೇಲೆ ಏನೂ ಇಲ್ಲದ ನನಗೆ ಚೆನ್ನಾಗಿ ಕಂಡಿತು.