ಹೊಳೆಯಾಚೆಗೂ ಕೇಳಿಸಿದ ಹಾರ್ನ್

ನಾನು ಒಂದು ಏರ್ ಹಾರ್ನ್. ಅಷ್ಟೇ ಹೇಳಿದರೆ ಸಾಲದು. ಈ ಕರಾವಳಿಯಲ್ಲಿ ಕಡಲನ್ನು ಬಿಟ್ಟರೆ ಅತಿ ದೊಡ್ಡ ಸದ್ದು ನನ್ನದೇ. ಕಡಲನ್ನು ಮೊದಲು ಹೇಳಿದ್ದು ಅದರ ವಯಸ್ಸಿಗೆ ಕೊಟ್ಟ ಮರ್ಯಾದೆ.

ಒಂದು ಗಲ್ಲಿಯ ತಗಡಿನ ಶೆಡ್ಡಿನಲ್ಲಿ ನಾನು ಹುಟ್ಟಿದೆ. ಉದ್ದ, ಮಧ್ಯಮ, ಗಿಡ್ಡ ಎಂದು ಮೂರು ಕೊಳವೆಗಳನ್ನು ಬೆಸೆದು ಗಾಳಿ ಊದಿ ಪರೀಕ್ಷಿಸಿದರು. ಮೊದಲ ಕೂಗಿಗೇ ಶೆಡ್ಡಿನ ಮಾಡು ಒಂದು ಗೇಣು ಮೇಲೆದ್ದು ಮತ್ತೆ ಕೂತಿತು. ನನ್ನನ್ನು ಮಾಡಿದವನು ಸಂತೋಷದಿಂದ ಏನೋ ಹೇಳಿದ. ಅದು ಅವನಿಗೇ ಕೇಳಿಸಲಿಲ್ಲ.

ನನ್ನ ಮೊದಲ ಮನೆ ಮೊಯ್ದಿನ್ ಬ್ಯಾರಿಯ ಮೀನಿನ ಲಾರಿ. ನಾನು ಕೂಗಿದರೆ ಮಂಜುಗಡ್ಡೆಯ ಕೆಳಗಿನ ಬಂಗುಡೆಗಳು ಜೀವ ಬಂದಂತೆ ನೆಗೆಯುತ್ತಿದ್ದವು. ಲಾರಿ ಮಾರುವಾಗ ಮೊಯ್ದಿನ್ ನನ್ನನ್ನು ಬಿಚ್ಚಿ ಗೆಳೆಯ ದೇಜಪ್ಪ ಪೂಜಾರಿಯ ಕೈಗಿತ್ತ. "ಇದು ಹಾರ್ನ್ ಅಲ್ಲ ಮಾರಾಯ, ಸಿಡಿಲು. ಸ್ವಲ್ಪ ಜಾಗ್ರತೆ" ಎಂದ. ಆ ಕೊನೆಯ ಮಾತನ್ನು ದೇಜಪ್ಪನೂ ಕಿವಿಗೆ ಹಾಕಿಕೊಳ್ಳಲಿಲ್ಲ, ನಾನೂ ಹಾಕಿಕೊಳ್ಳಲಿಲ್ಲ.

ದೇಜಪ್ಪ 'ಜಲಜಾಕ್ಷಿ' ಎಂಬ ಖಾಸಗಿ ಬಸ್ಸಿನ ಡ್ರೈವರು. ತಾಲೂಕು ಪೇಟೆಯಿಂದ ಹೊಳೆಬಾಗಿಲಿನ ದೋಣಿಕಟ್ಟೆಯವರೆಗೆ ಅವನ ದಾರಿ. ಆ ದಾರಿಯಲ್ಲಿ ಸ್ಟಾಪಿನಲ್ಲಿ ನಿಂತು ಬಸ್ಸು ಕಾಯುವ ಪದ್ಧತಿಯೇ ಇಲ್ಲ. ಡ್ರೈವರು ಒಂದು ತಿರುವು ಮೊದಲೇ ಹಾರ್ನ್ ಕೊಡಬೇಕು. ಅದನ್ನು ಕೇಳಿದ ಮೇಲೆಯೇ ಜನ ಒಲೆಯ ಬೆಂಕಿ ತಗ್ಗಿಸಿ, ಚಪ್ಪಲಿ ಹುಡುಕಿ, ಬೇಲಿಯ ತಡಮೆ ದಾಟಿ ಓಡಿಬರುತ್ತಾರೆ. ಅಂದಮೇಲೆ ಅವರನ್ನೆಲ್ಲ ಕೆಲಸಕ್ಕೆ ಕಳಿಸಿದ್ದು ಯಾರು? ನಾನು. ನಾನಿಲ್ಲದಿದ್ದರೆ ಆ ಊರುಗಳಲ್ಲಿ ಬೆಳಗೇ ಆಗುತ್ತಿರಲಿಲ್ಲ.

ಸಂಜೆ ಪೇಟೆಯಿಂದ ಹೊರಡುವ ಕಡೆಯ ಬಸ್ಸೂ ನಮ್ಮದೇ. ಸರ್ಕಾರಿ ಆಸ್ಪತ್ರೆಯ ಎದುರು ದೇಜಪ್ಪ ನನ್ನನ್ನು ಉದ್ದಕ್ಕೆ ಒತ್ತುತ್ತಿದ್ದ. ರೋಗಿಗಳನ್ನು ನೋಡಲು ಬಂದವರು ಬಸ್ಸು ತಪ್ಪಿಸಿಕೊಂಡು ಪೇಟೆಯಲ್ಲೇ ಉಳಿಯಬಾರದು ಎಂಬುದು ಅವನ ಲೆಕ್ಕ. ಅಲ್ಲೊಂದು ಬೋರ್ಡಿತ್ತು. ಹಾರ್ನಿನ ಚಿತ್ರ, ಅದರ ಮೇಲೊಂದು ಕೆಂಪು ಗೆರೆ. ನನ್ನ ಗೌರವಾರ್ಥ ಹಾಕಿದ್ದೆಂದು ತಿಳಿದು ನಾನು ಇನ್ನಷ್ಟು ಜೋರಾಗಿ ಹಾಡುತ್ತಿದ್ದೆ.

ಪೊಲೀಸರು ಎರಡು ಸಲ ಹಿಡಿದರು. ದೇಜಪ್ಪ ದಂಡ ಕಟ್ಟಿ ಬಂದ. ಮೂರನೆಯ ಸಲ, ಯಾರೋ ಕೊಟ್ಟ ದೂರಿನ ಮೇಲೆ, ಟ್ರಾಫಿಕ್ ಇನ್ಸ್‌ಪೆಕ್ಟರು ರಸ್ತೆಯಲ್ಲೇ ನನ್ನನ್ನು ಬಿಚ್ಚಿಸಿ ಜೀಪಿಗೆ ಹಾಕಿಕೊಂಡರು. "ಇನ್ನು ಮಾತು ಕೋರ್ಟಿನಲ್ಲಿ" ಎಂದರು.

ಕೋರ್ಟಿನ ಜಗಲಿಯಲ್ಲಿ ದೇಜಪ್ಪನ ವಕೀಲೆ ಐರಿನ್ ಡಿಸಾ ಅವನನ್ನು ಬದಿಗೆ ಕರೆದರು. ನಾನು ಪಕ್ಕದಲ್ಲೇ ಒಬ್ಬ ಪೇದೆಯ ಕಂಕುಳಲ್ಲಿದ್ದೆ.

"ದಂಡದ್ದು ದೊಡ್ಡ ವಿಷಯ ಅಲ್ಲ ದೇಜಪ್ಪಣ್ಣ. ಇದು ಮೂರನೇ ಕೇಸು. ಜಡ್ಜ್ ಮನಸ್ಸು ಮಾಡಿದರೆ ಲೈಸೆನ್ಸನ್ನೇ ರದ್ದು ಮಾಡಬಹುದು."

"ಲೈಸೆನ್ಸ್ ಹೋದರೆ ಎಂತ ಮಾಡುವುದು ಮೇಡಂ? ಸ್ಟೇರಿಂಗ್ ಬಿಟ್ಟರೆ ನನ್ನ ಕೈಗೆ ಬೇರೆ ಎಂತದೂ ಗೊತ್ತಿಲ್ಲ."

"ಹೆದರಬೇಡಿ. ಹಾರ್ನ್ ಅಷ್ಟೇನೂ ಜೋರಿಲ್ಲ ಅಂತ ವಾದಿಸುವ. ಶಿಕ್ಷೆ ಸ್ವಲ್ಪ ಕಮ್ಮಿ ಮಾಡಿಸುವ."

ಅಷ್ಟೇನೂ ಜೋರಿಲ್ಲ! ನನ್ನ ಮೂರೂ ಕೊಳವೆ ಅವಮಾನದಿಂದ ಬಿಸಿಯಾದವು.

ಒಳಗೆ ನನ್ನ ಕೊರಳಿಗೊಂದು ಚೀಟಿ ಕಟ್ಟಿ ಮೇಜಿನ ಮೇಲಿಟ್ಟರು. ಅಷ್ಟು ಎತ್ತರದ ಸ್ಥಾನ ಬಸ್ಸಿನಲ್ಲೂ ಸಿಕ್ಕಿರಲಿಲ್ಲ. ಕೋರ್ಟು ತುಂಬಿತ್ತು. ದೇಜಪ್ಪನ ಪರವಾಗಿ ಇಡೀ ಬಸ್ಸೇ, ಮದುವೆಗೆ ಬಂದಂತೆ ಒಳ್ಳೆಯ ಬಟ್ಟೆ ತೊಟ್ಟು ಬಂದಿತ್ತು. ಮುಂದಿನ ಸಾಲಿನಲ್ಲಿ ಮೀನು ಮಾರುವ ಗುಲಾಬಿ ಶೆಡ್ತಿ ಕೂತಿದ್ದಳು.

ವಕೀಲೆ ಎದ್ದರು. "ಇದೊಂದು ಸಾಧಾರಣ ಹಾರ್ನ್, ಸ್ವಾಮಿ. ಪಕ್ಕದ ಅಂಗಡಿಗೂ ಸರಿಯಾಗಿ ಕೇಳಿಸಲಿಕ್ಕಿಲ್ಲ."

"ಎಂತ ಮಾತಾಡ್ತೀರಿ ವಕೀಲಮ್ಮ!" ಗುಲಾಬಿ ಶೆಡ್ತಿ ಎದ್ದು ನಿಂತೇಬಿಟ್ಟಳು. "ನಾನು ಇರುವುದು ಹೊಳೆಯಾಚೆ. ನನಗೆ ಒಂದು ಕಿವಿ ಕೇಳುವುದೇ ಇಲ್ಲ. ಆದರೂ ನಮ್ಮ ದೇಜಪ್ಪಣ್ಣನ ಹಾರ್ನ್ ಕೇಳ್ತದೆ ಸ್ವಾಮಿ! ಮೊದಲನೇ ಹಾರ್ನಿಗೆ ಸೀರೆ ಉಟ್ಟರೆ ಎರಡನೇ ಹಾರ್ನಿಗೆ ದೋಣಿಯಲ್ಲಿರ್ತೇನೆ. ಅಂಥ ಹಾರ್ನ್ ಯಾವ ಬಸ್ಸಿಗುಂಟು ಹೇಳಿ?"

ಹಿಂದಿನ ಬೆಂಚುಗಳಿಂದ "ಹೌದು ಹೌದು" ಎಂದು ದನಿಗಳೆದ್ದವು. ವಕೀಲೆ ಹಣೆಗೆ ಕೈ ಹಚ್ಚಿದರು.

ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿದರು. "ಅಮ್ಮಾ, ನೀವು ಯಾರ ಪರ ಬಂದದ್ದು?"

"ದೇಜಪ್ಪಣ್ಣನ ಪರ ಸ್ವಾಮಿ! ಮತ್ತೆ ಯಾರ ಪರ?"

ನನ್ನ ಬದುಕಿನಲ್ಲಿ ಅಷ್ಟು ಹೊಗಳಿಕೆ ಒಟ್ಟಿಗೆ ಕೇಳಿದ್ದು ಅದೇ ಮೊದಲು. ಆದರೆ ದೇಜಪ್ಪನ ಮುಖ ನೋಡಿದೆ. ಅದು ಬಿಳಿಚಿಕೊಂಡಿತ್ತು.

ಆಗ ಸರ್ಕಾರಿ ವಕೀಲರು ದೂರು ಕೊಟ್ಟವನನ್ನು ಕರೆದರು. ಪ್ರಸನ್ನ ಎಂಬ ಸಣ್ಣ ಪ್ರಾಯದವನು. ಅವನು ದನಿ ಏರಿಸಲಿಲ್ಲ.

"ನನ್ನ ಮಗು ಏಳನೇ ತಿಂಗಳಿಗೇ ಹುಟ್ಟಿತು ಸ್ವಾಮಿ. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ದಿನಾ ಸಂಜೆ ಈ ಹಾರ್ನಿಗೆ ಬೆಚ್ಚಿ ಬೀಳ್ತಿತ್ತು. ಎರಡೂ ಕೈ ಮೇಲೆ ಹೋಗ್ತಿತ್ತು, ಯಾರನ್ನೋ ಹಿಡ್ಕೊಳ್ಳಲಿಕ್ಕೆ ನೋಡುವ ಹಾಗೆ. ಬಸ್ಸಿನ ಹೊತ್ತಾದರೆ ನನ್ನ ಹೆಂಡತಿ ಕಿಟಕಿಗೆ ದಿಂಬು ಒತ್ತಿ ಹಿಡಿದು ನಿಲ್ತಿದ್ದಳು." ಮತ್ತೆ ಹೇಳಿದ, "ನಾನು ಮನೆಗೆ ಹೋಗ್ತಿದ್ದದ್ದೂ ಅದೇ ಬಸ್ಸಿನಲ್ಲಿ. ಹಾರ್ನ್ ಕೇಳಿಯೇ ಇಳಿದು ಬರ್ತಿದ್ದೆ."

ದೇಜಪ್ಪ ಕಟಕಟೆಯ ಮರವನ್ನು ಗಟ್ಟಿಯಾಗಿ ಹಿಡಿದುಕೊಂಡ. "ಈಗ ಮಗು?"

"ಮನೆಗೆ ಬಂದಿದೆ. ಚೆನ್ನಾಗುಂಟು."

ದೇಜಪ್ಪ ತನ್ನ ವಕೀಲೆಯ ಕಡೆ ನೋಡಲೂ ಇಲ್ಲ. "ಜೋರುಂಟು ಸ್ವಾಮಿ. ತಪ್ಪಾಯಿತು. ನಾನು ಇದನ್ನು ಯಾವಾಗಲೂ ಬಸ್ಸಿನಲ್ಲಿ ಕೂತು ಕೇಳಿದ್ದು. ಆಸ್ಪತ್ರೆಯ ಒಳಗಿನಿಂದ ಕೇಳಿದವನಲ್ಲ."

ಐರಿನ್ ಡಿಸಾ ಕ್ಷಣವೂ ತಡಮಾಡಲಿಲ್ಲ. ತಾನಾಗಿ ತಪ್ಪೊಪ್ಪಿಕೊಂಡಿದ್ದಾನೆ, ಈವರೆಗೆ ಅಪಘಾತ ಮಾಡಿದವನಲ್ಲ, ದಂಡ ಎಷ್ಟಾದರೂ ಹಾಕಿ, ಹಾರ್ನನ್ನು ಸರ್ಕಾರವೇ ಇಟ್ಟುಕೊಳ್ಳಲಿ, ಲೈಸೆನ್ಸ್ ಮಾತ್ರ ಉಳಿಸಿಕೊಡಿ ಎಂದು ಬೇಡಿದರು. ಹೀಗೆ ತುಂಬಿದ ಸಭೆಯಲ್ಲಿ ನನ್ನನ್ನು ಚೌಕಾಸಿಗಿಟ್ಟರು. ರಾಜರ ಕಿರೀಟಗಳೂ ಇಷ್ಟು ಬೇಗ ಕೈ ಬದಲಾಯಿಸಿರಲಾರವು.

ನ್ಯಾಯಾಧೀಶರು ಕೇಳಿದರು, "ಹಾರ್ನ್ ಇಲ್ಲದೆ ಆಸ್ಪತ್ರೆಗೆ ಬಂದವರನ್ನು ಹೇಗೆ ಕರೀತೀರಿ?"

"ಇಂಜಿನ್ ಬಂದ್ ಮಾಡಿ ನಿಲ್ತೇನೆ. ಕಂಡಕ್ಟರ್ ಒಳಗೆ ಹೋಗಿ ಮೆಲ್ಲ ಕೇಳಿಕೊಂಡು ಬರ್ತಾನೆ."

"ತಡ ಆಗ್ತದಲ್ಲ?"

"ಕಡೆಯ ಬಸ್ಸಲ್ವಾ ಸ್ವಾಮಿ. ನಮ್ಮ ಹಿಂದೆ ಯಾರೂ ಇಲ್ಲ."

ಕೊನೆಗೆ ನ್ಯಾಯಾಧೀಶರು ದಂಡ ಬರೆದರು, ನನ್ನನ್ನು ಮುಟ್ಟುಗೋಲು ಹಾಕಿದರು, ಲೈಸೆನ್ಸನ್ನು ಮುಟ್ಟಲಿಲ್ಲ. "ನಾಲ್ಕನೇ ಸಲ ಬಂದರೆ ಯಾರ ಮಾತೂ ಕೇಳುವುದಿಲ್ಲ" ಎಂದರು.

"ಹಾಗಾದರೆ ಹೊಳೆಯಾಚೆ ನನಗೆ ಹೇಳುವವರು ಯಾರು?" ಎಂದಳು ಗುಲಾಬಿ ಶೆಡ್ತಿ.

"ಒಂದು ಗಡಿಯಾರ ತೆಗೆದುಕೊಳ್ಳಿ ಅಮ್ಮಾ."

ಈಗ ನಾನು ಕೋರ್ಟಿನ ಸಾಮಾನು ಕೋಣೆಯಲ್ಲಿದ್ದೇನೆ. ನನ್ನ ಗಿಡ್ಡ ಕೊಳವೆಯಲ್ಲಿ ಕಣಜವೊಂದು ಮಣ್ಣಿನ ಗೂಡು ಕಟ್ಟಿದೆ. ಇನ್ನು ಯಾರಾದರೂ ಊದಿದರೂ ಮೂರನೆಯ ಸ್ವರ ಬರಲಾರದು. ಪಕ್ಕದಲ್ಲಿ ಪಟಾಕಿ ಸದ್ದಿನ ಬೈಕಿನಿಂದ ಕಿತ್ತ ಒಂದು ಸೈಲೆನ್ಸರು ಬಿದ್ದಿದೆ. ಇಬ್ಬರೂ ಹಳೆಯ ಪ್ರತಾಪಗಳನ್ನು ಹೇಳಿಕೊಳ್ಳುತ್ತೇವೆ. ಅದು ವಿಪರೀತ ಸುಳ್ಳು ಹೇಳುತ್ತದೆ.

ಕೋಣೆಯ ಕಿಟಕಿಗೆ ಎದುರಾಗಿ, ರಸ್ತೆಯಾಚೆ, ಆಸ್ಪತ್ರೆಯ ಬಾಗಿಲು. ಸಂಜೆ ಜಲಜಾಕ್ಷಿ ಬರುತ್ತದೆ. ಇಂಜಿನ್ ನಿಲ್ಲುತ್ತದೆ. ಕಂಡಕ್ಟರನ ಚಪ್ಪಲಿ ಮೆಟ್ಟಿಲು ಹತ್ತುವುದು ಕೇಳುತ್ತದೆ. "ಹೊಳೆಬಾಗಿಲಿಗೆ ಯಾರಾದರೂ ಉಂಟಾ?" ಎಂದು ಅವನು ಪಿಸುದನಿಯಲ್ಲಿ ಕೇಳುತ್ತಾನೆ. ಕೂಗುವವನಿಗೆ ಬೇರೆ ಏನೂ ಕೇಳಿಸುವುದಿಲ್ಲವಲ್ಲ. ಆದ್ದರಿಂದ ಈ ಸದ್ದುಗಳೆಲ್ಲ ನನಗೆ ಹೊಸವು. ಇದನ್ನೆಲ್ಲ ಏರ್ಪಾಡು ಮಾಡಿದ್ದೇ ನಾನು ಎಂದು ಸೈಲೆನ್ಸರಿಗೆ ಹೇಳಿಟ್ಟಿದ್ದೇನೆ. ಅದು ನಂಬಿಲ್ಲ.

ನಿನ್ನೆ ಒಬ್ಬ ಹೆಂಗಸು ಅಳುತ್ತ ಹೊರಗೆ ಬಂದಳು. ಒಳಗೆ ಏನಾಗಿತ್ತೋ ತಿಳಿಯದು. ಬಸ್ಸಿನ ಮೆಟ್ಟಿಲಲ್ಲಿ ಅವಳು ಬಹಳ ಹೊತ್ತು ನಿಂತಳು. ಯಾರೂ ಅವಸರ ಮಾಡಲಿಲ್ಲ. "ಕೂತ್ಕೊಳ್ಳಿ ಅಕ್ಕ, ನಿಧಾನ" ಎಂಬ ದೇಜಪ್ಪನ ದನಿ ಕೇಳಿಸಿತು. ಅವಳು ಕೂತ ಮೇಲೆಯೇ ಅವನು ಇಂಜಿನ್ ಶುರು ಮಾಡಿದ.