ಸಾಲ್ವಾದ ಮದುವೆಯ ಎರಡನೇ ರೀಲು

ಆ ಗುರುವಾರ ಬೆಳಿಗ್ಗೆ ಎದ್ದಾಗಿನಿಂದ ಕಾರ್ಮೆಲ್‌ಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಫ್ಲಾಶಿನ ಬ್ಯಾಟರಿಯನ್ನು ಮೂರು ಸಲ ನೋಡಿದಳು. ಒರೆಸಿದ್ದ ಲೆನ್ಸನ್ನೇ ಮತ್ತೆ ಒರೆಸಿದಳು. ಹನ್ನೊಂದು ವರ್ಷಗಳಿಂದ ಕುವೈತಿನ ಮದುವೆ ಹಾಲ್‌ಗಳಲ್ಲಿ ಹೆಂಗಸರ ಕಡೆಯ ಫೋಟೋ ತೆಗೆಯುತ್ತಿದ್ದವಳು ಅವಳು. ಗಂಡಸರಿಗೆ ಪ್ರವೇಶವೇ ಇಲ್ಲದ ಆ ಹಾಲ್‌ಗಳಲ್ಲಿ ಹೆಂಗಸರು ಮುಸುಕು ತೆಗೆದು ನಗುತ್ತಿದ್ದರು, ಕುಣಿಯುತ್ತಿದ್ದರು. ಕೊನೆಗೆ ರೀಲುಗಳನ್ನೆಲ್ಲ ಮದುಮಗಳ ತಾಯಿಯ ಕೈಗೆ ಕೊಟ್ಟರೆ ಕಾರ್ಮೆಲ್‌ಳ ಕೆಲಸ ಮುಗಿಯಿತು. ಯಾವಳಾದರೂ "ನನ್ನದು ಬೇಡ" ಎಂದರೆ ಬೇಡ. ಒಂದು ಫೋಟೋ ಹೊರಗೆ ಹೋದರೆ ಒಂದು ಮನೆಯೇ ಹೊತ್ತಿಕೊಳ್ಳಬಹುದು ಎಂದು ಅವಳಿಗೆ ಗೊತ್ತಿತ್ತು.

ಈ ಮದುವೆ ಅಂಥದ್ದಲ್ಲ. ಇದನ್ನು ತಂದವಳು ಸಾಕ್ಷಿ. ಧಾರವಾಡದ ಕಡೆಯವಳು, ಖೈತಾನ್‌ನಲ್ಲಿ ಕಾರ್ಮೆಲ್ ಇದ್ದ ಕಟ್ಟಡದಲ್ಲೇ ಮೇಲಿನ ಮನೆ, ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ನರ್ಸು. ಸೋಮವಾರ ಸಂಜೆ ಬಂದು ಬಾಗಿಲಲ್ಲೇ ನಿಂತು ಪಿಸುಗುಟ್ಟಿದ್ದಳು.

"ಅಕ್ಕಾ, ನಮ್ಮ ಕ್ಲಿನಿಕ್ಕಿನ್ಯಾಗ ನೇಯೋಮಿ ಅಂತ ಅಮೆರಿಕದಾಕಿ ಇದ್ದಾಳಲ್ರಿ, ಆಕಿದು ಲಗ್ನ. ಹುಡುಗ ಜೋಯೆಲ್, ಇಂಜಿನಿಯರ್. ಸಾಲ್ವಾದಾಗ ಅವರ ವಿಲ್ಲಾದಾಗನ. ಬಾಯಿ ಬಿಡದ ಫೋಟೋಗ್ರಾಫರ್ ಬೇಕಂತ. ಅವ್ರು ಯಹೂದಿಗಳ್ರಿ."

ಕಾರ್ಮೆಲ್‌ಳ ಗಂಡ ಕೊನ್ರಾಡ್ ಟಿ.ವಿ.ಯ ಸದ್ದು ಕಡಿಮೆ ಮಾಡಿದ. ಅವನು ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಟೆಕ್ನೀಷಿಯನ್. ಬಗ್ದಾದಿನ ಯುದ್ಧ ಶುರುವಾಗಿ ವರ್ಷ ತುಂಬುತ್ತಿತ್ತು. ಗಡಿಯಾಚೆಯ ಸುದ್ದಿ ದಿನಾ ಮನೆಯೊಳಗೇ ಬಂದು ಕೂರುತ್ತಿತ್ತು.

"ನಿನ್ನ ಇಕಾಮಾ, ಇಲ್ಲಿರುವ ಪರವಾನಗಿ, ನನ್ನ ಮೇಲೆ ಉಂಟು ಕಾರ್ಮೆಲ್. ನಾಳೆ ಯಾರಾದ್ರೂ ಎಂತಾದ್ರೂ ಹೇಳಿದ್ರೆ ನನಗೆ ಜಾಮೀನು ನಿಂತ ಕಫೀಲ್ ನನ್ನನ್ನು ಕರೆದು ಕೇಳ್ತಾನೆ" ಎಂದ.

"ಮದುವೆ ಅಲ್ವಾ ಮಾರಾಯ್ರೆ, ಕಳ್ಳತನ ಅಲ್ಲವಲ್ಲ" ಎಂದಳು ಕಾರ್ಮೆಲ್. ಹೇಳುವುದೇನೋ ಹೇಳಿದಳು, ಆಮೇಲೆ ಮೂರು ದಿನ ಲಿಫ್ಟಿನಲ್ಲಿ ಅಪರಿಚಿತರು ಕಂಡರೆ ಮೆಟ್ಟಿಲು ಹತ್ತಿಯೇ ಹೋಗುತ್ತಿದ್ದಳು.

ಗುರುವಾರ ವಿಲ್ಲಾದ ದೊಡ್ಡ ಕೋಣೆಯಲ್ಲಿ ಇಪ್ಪತ್ತು ಜನ ಇದ್ದರೋ ಇಲ್ಲವೋ. ಪರದೆಗಳನ್ನು ಎಳೆದಿದ್ದರು. ನಡುವೆ ನಾಲ್ಕು ಕೋಲುಗಳನ್ನು ನಾಲ್ವರು ಹಿಡಿದು ನಿಂತಿದ್ದರು, ಮೇಲೆ ಪಟ್ಟೆಯ ಬಿಳಿ ಶಾಲು ಚಪ್ಪರದಂತೆ ಹರಡಿತ್ತು. ಅವರ ಗುರು, ರಬ್ಬಿ, ಅಮೆರಿಕದ ಸೈನ್ಯದಲ್ಲಿದ್ದವರಂತೆ. ಆ ದಿನ ಸಾದಾ ಸೂಟಿನಲ್ಲಿ ಬಂದಿದ್ದರು.

ಕಿಟಕಿಯ ಹತ್ತಿರ ಕೂತಿದ್ದ ಮುದುಕಿಯೊಬ್ಬರು ಕಾರ್ಮೆಲ್‌ಳನ್ನು ಹತ್ತಿರ ಕರೆದರು. ಜೋಯೆಲ್‌ನ ಅಜ್ಜಿ, ಹಬೀಬಾ. ಎಂಬತ್ತು ದಾಟಿದ ಮುಖ, ಚುರುಕು ಕಣ್ಣು.

"ಇಂಡಿಯಾದವಳಾ? ನಾನು ಬೊಂಬಾಯಿಯ ಭಾಯಿಖಳಾದಲ್ಲಿ ಹದಿನಾಲ್ಕು ವರ್ಷ ಇದ್ದೆ" ಎಂದರು ಹಿಂದಿಯಲ್ಲಿ. "ಹುಟ್ಟಿದ್ದು ಮಾತ್ರ ಇಲ್ಲಿ. ಈ ಊರಲ್ಲೇ. ಅಪ್ಪನಿಗೆ ಇಲ್ಲಿ ಬಟ್ಟೆ ಅಂಗಡಿ ಇತ್ತು. ಒಂಬತ್ತು ವರ್ಷದವಳಿದ್ದಾಗ ಬಸ್ರಾಗೆ ಹೋದೆವು. ಇವರಿಬ್ಬರಿಗೂ ಕೆಲಸ ಇಲ್ಲೇ ಅಂದಾಗ, ಮದುವೆಯೂ ಅಲ್ಲೇ ಆಗಲಿ, ನಾನು ಬರುತ್ತೇನೆ ಅಂದೆ. ಯಾಕೆ ಹೀಗೆ ಗಾಬರಿಯಾಗಿದ್ದೀಯ ಮಗಳೇ?"

"ನಿಮ್ಮ ಮದುವೆಯ ಕ್ರಮ ನನಗೆ ಗೊತ್ತಿಲ್ಲ ಅಮ್ಮಾ. ಯಾವಾಗ ಏನಾಗುತ್ತದೆ ಅಂತ ಗೊತ್ತಿಲ್ಲದಿದ್ದರೆ ಹೇಗೆ ಹಿಡಿಯುವುದು?"

ಆ ಭಯ ನಿಜವೇ ಆಯಿತು. ಮದುಮಗಳು ಮದುಮಗನ ಸುತ್ತ ಏಳು ಸುತ್ತು ಬಂದಳು, ಅದು ಚೆನ್ನಾಗಿ ಸಿಕ್ಕಿತು. ಉಂಗುರದ ಹೊತ್ತಿಗೆ ಕಾರ್ಮೆಲ್ ತಾನು ಇಗರ್ಜಿಯ ಮದುವೆಗಳಲ್ಲಿ ಕಂಡಂತೆ ನೇಯೋಮಿಯ ಎಡಗೈಯ ಕಡೆ ಲೆನ್ಸ್ ಹಿಡಿದು ಉಸಿರು ಬಿಗಿಹಿಡಿದಳು. ಜೋಯೆಲ್ ಉಂಗುರವನ್ನು ಬಲಗೈಯ ತೋರುಬೆರಳಿಗೆ ತೊಡಿಸಿಬಿಟ್ಟ. ಅವಳು ಆ ಕಡೆ ತಿರುಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮೊದಲ ರೀಲು ಮುಗಿಯಿತೆಂದು ಎರಡನೆಯದನ್ನು ಹಾಕುತ್ತಿದ್ದಳು. ಸಾಕ್ಷಿ ಪಕ್ಕಕ್ಕೆ ಬಂದು, "ಅಕ್ಕಾ, ಇನ್ನ ಗಾಜು ಒಡೆಯೂದು ಐತಂತ. ಅದು ಒಂದ ಸಲರೀ, ಬಲಗಾಲಲೆ ತುಳಿತಾನಂತ" ಎಂದಳು. ಯಾರನ್ನೋ ಕೇಳಿಕೊಂಡು ಬಂದಿದ್ದಳು, ಪುಣ್ಯಾತ್ಗಿತ್ತಿ.

ಕಾರ್ಮೆಲ್ ಸೀರೆಯ ಯೋಚನೆ ಬಿಟ್ಟು ನೆಲಕ್ಕೆ ಮೊಣಕೈ ಊರಿ ಬಗ್ಗಿದಳು. ಬಟ್ಟೆಯಲ್ಲಿ ಸುತ್ತಿದ ಗಾಜಿನ ಲೋಟವನ್ನು ರಬ್ಬಿ ಕೆಳಗಿಟ್ಟರು. ಕಾಲು ಮೇಲೆದ್ದಿತು, ಇಳಿಯಿತು, ಚರ್ರೆಂದಿತು. ಆ ಚಣವೇ ಬೆರಳು ಒತ್ತಿತು. ಸಿಕ್ಕಿತು! ತುಳಿದ ಕಾಲು, ಅದರ ಹಿಂದೆ ನೇಯೋಮಿ ಬೆಚ್ಚಿ ನಗುತ್ತಿರುವ ಮುಖ. ಸಿಕ್ಕ ಫೋಟೋ ಸಿಕ್ಕಿದೆಯೆಂದು ಕೈಗೇ ತಿಳಿಯುತ್ತದೆ.

ಜನ ಚಪ್ಪಾಳೆ ತಟ್ಟಿದರು. ಹಬೀಬಾ ಮಾತ್ರ ತಲೆಯೆತ್ತಿ, ನಾಲಗೆ ಅಲುಗಿಸುತ್ತ ಉದ್ದಕ್ಕೆ ಕೂಗಿದರು. ಕುವೈತಿ ಹೆಂಗಸರು ಮದುವೆಯಲ್ಲಿ ಹಾಕುವ ಅದೇ ಸಂತಸದ ಕೂಗು. ಕಾರ್ಮೆಲ್ ಅದನ್ನು ನೂರಾರು ಸಲ ಕೇಳಿದ್ದಳು, ಇಷ್ಟು ಗಟ್ಟಿಯಾಗಿ ಕೇಳಿರಲಿಲ್ಲ.

ಎರಡು ನಿಮಿಷದಲ್ಲಿ ಬಾಗಿಲ ಗಂಟೆ ಸದ್ದು ಮಾಡಿತು.

ಕೋಣೆಯಲ್ಲಿ ಯಾರೂ ಅಲ್ಲಾಡಲಿಲ್ಲ. ಕೊನ್ರಾಡ್ ಹೇಳಿದ್ದೆಲ್ಲ ಕಾರ್ಮೆಲ್‌ಳ ತಲೆಯಲ್ಲಿ ಒಟ್ಟಿಗೇ ಎದ್ದಿತು. ಜೋಯೆಲ್ ಬೇಡವೆಂದು ಕೈ ಮಾಡುತ್ತಿದ್ದರೂ ಹಬೀಬಾ ಎದ್ದು ಹೋಗಿ ಬಾಗಿಲು ತೆರೆದರು.

ಹೊರಗೆ ಪಕ್ಕದ ಮನೆಯ ಕುವೈತಿ ಹೆಂಗಸು, ಐವತ್ತರ ಆಸುಪಾಸಿನವಳು, ಕೈಯಲ್ಲಿ ಹೊಗೆಯಾಡುವ ಧೂಪದ ಪಾತ್ರೆ ಹಿಡಿದು ನಿಂತಿದ್ದಳು. ಕೂಗು ಕೇಳಿಸಿತು, ಮದುವೆಯೆಂದು ತಿಳಿಯಿತು, ಬರಿಗೈಯಲ್ಲಿ ಹೇಗೆ ಬರಲಿ ಎಂದಳು ಅರಬ್ಬಿಯಲ್ಲಿ. ಹಬೀಬಾ ಅದೇ ಊರಿನ ಅರಬ್ಬಿಯಲ್ಲಿ ಉತ್ತರ ಕೊಟ್ಟರು. ಆ ಹೆಂಗಸು ಬೆರಗಾಗಿ ನಕ್ಕಳು.

"ಇಂಥ ಮಾತು ನನ್ನ ಅಜ್ಜಿಯ ಬಾಯಲ್ಲಿ ಕೇಳಿದ್ದು. ನೀನು ಯಾರ ಮಗಳು?"

ಹಾಲ್‌ಗಳಲ್ಲಿ ಕಲಿತ ಅರಬ್ಬಿಯಿಂದ ಕಾರ್ಮೆಲ್‌ಗೆ ಇಷ್ಟು ಅರ್ಥವಾಗುತ್ತಿತ್ತು. ಹಬೀಬಾ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಬಟ್ಟೆ ಅಂಗಡಿಯ ಸಾಲಿಹ್‌ನ ಮಗಳು. ಯಹೂದಿಗಳ ಬೀದಿಯವಳು."

ಆ ಹೆಂಗಸು ಒಳಗೆ ನೋಡಿದಳು. ನಾಲ್ಕು ಕೋಲು, ಬಿಳಿ ಶಾಲು, ರಬ್ಬಿಯ ಟೋಪಿ. ಧೂಪದ ಹೊಗೆ ಅವಳ ಮುಖದ ಮುಂದೆ ಏಳುತ್ತಲೇ ಇತ್ತು. ಆಮೇಲೆ ಅವಳು ಒಳಗೆ ಬಂದು, ನೇಯೋಮಿಯ ಮುಸುಕಿನ ಅಂಚು ಎತ್ತಿ ಅದರಡಿ ಧೂಪ ಹಿಡಿದಳು. ಹಬೀಬಾರ ಕೈ ಹೋಗಿ ಅವಳ ಕೈಯ ಮೇಲೆ ಕೂತಿತು.

ಕಾರ್ಮೆಲ್ ಯೋಚಿಸಲಿಲ್ಲ. ಫ್ಲಾಶ್ ಮಿಂಚಿತು.

ಹೆಂಗಸು ಬೆಚ್ಚಿ ಮುಖಕ್ಕೆ ಮುಸುಕೆಳೆದುಕೊಂಡಳು. "ಇಲ್ಲ! ಫೋಟೋ ಇಲ್ಲ! ಆ ಫಿಲ್ಮ್ ಕೊಡು."

"ತೊಳೆದ ಮೇಲೆ ಅದೊಂದನ್ನೇ ಕತ್ತರಿಸಿ ನಿಮ್ಮ ಕೈಗೇ ಕೊಡುತ್ತೇನೆ" ಎಂದು ಕಾರ್ಮೆಲ್ ತನ್ನ ಹರಕು ಅರಬ್ಬಿಯಲ್ಲಿ ಬೇಡಿದಳು.

"ಹೀಗೇ ಅಂದ ಫೋಟೋದವಳೊಬ್ಬಳಿಂದ ನನ್ನ ತಂಗಿಯ ಮಗಳ ಮದುವೆಯ ನಿಶ್ಚಯ ಮುರಿಯಿತು. ನನ್ನ ಗಂಡ, ನನ್ನ ಮಕ್ಕಳು ನೋಡಿದರೆ? ಈ ಮನೆಯಲ್ಲಿ, ಈ ಜನರ ಜೊತೆ?" ಅವಳ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಾಗಿತ್ತು.

ಕಾರ್ಮೆಲ್ ರೀಲನ್ನು ಸುತ್ತಿ ಹೊರತೆಗೆದಳು. ಜೋಯೆಲ್ ಅವಳ ಕಿವಿಯ ಬಳಿ ಬಂದು ಇಂಗ್ಲಿಷಿನಲ್ಲಿ, "ಗಾಜಿನದೂ ಅದರಲ್ಲೇ ಇದೆ. ಬ್ಯಾಗಿನಿಂದ ಹೊಸ ರೀಲು ತೆಗೆದು ಕೊಟ್ಟುಬಿಡು. ಅವಳಿಗೆ ಹೇಗೆ ಗೊತ್ತಾಗುತ್ತದೆ?" ಎಂದ.

ಗೊತ್ತಾಗುತ್ತಿರಲಿಲ್ಲ. ಕಾರ್ಮೆಲ್‌ಳ ಕೈ ಬ್ಯಾಗಿನೊಳಗೆ ಹೋಯಿತು. ಎಡಗೈಯಲ್ಲಿ ಗಾಜಿನ ರೀಲು, ಬಲಗೈಯಲ್ಲಿ ಖಾಲಿ ರೀಲು. ಎರಡೂ ಒಂದೇ ಬಣ್ಣ, ಒಂದೇ ತೂಕ. ಒಂದು ವರ್ಷ, ಎರಡು ವರ್ಷ ಹೋದರೆ ತನಗೇ ಮರೆತುಹೋಗಬಹುದು. ಎದುರಿಗಿದ್ದ ಹೆಂಗಸು ಅಂಗೈ ಚಾಚಿ ನಿಂತಿದ್ದಳು, ಹಾಲ್‌ಗಳಲ್ಲಿ ಮದುಮಗಳ ತಾಯಂದಿರು ಚಾಚುವ ಹಾಗೆಯೇ. ಆ ತಾಯಂದಿರು ಯಾರೂ ಒಂದು ದಿನವೂ ರೀಲನ್ನು ಎಣಿಸಿ, ತಿರುಗಿಸಿ ನೋಡಿದವರಲ್ಲ.

ಕಾರ್ಮೆಲ್ ಎಡಗೈಯದನ್ನು ಕೊಟ್ಟಳು.

ಆ ಹೆಂಗಸು ಅಲ್ಲೇ ಫಿಲ್ಮನ್ನು ಸರ್ರನೆ ಎಳೆದು ಬೆಳಕಿಗೆ ಒಡ್ಡಿ ಹಾಳುಮಾಡಿದಳು. ಕಂದು ಸುರುಳಿ ನೆಲದ ಮೇಲೆ ಬಿದ್ದಿತು. ಅವಳು ಹಬೀಬಾರ ಕೆನ್ನೆಗೆ ಮುತ್ತಿಟ್ಟು, "ಮಬ್ರೂಕ್" ಎಂದು ಮೆಲ್ಲಗೆ ಶುಭ ಹಾರೈಸಿ, ಧೂಪದ ಪಾತ್ರೆಯನ್ನು ಅಲ್ಲೇ ಬಿಟ್ಟು ಹೊರಟುಹೋದಳು.

"ನಿನ್ನನ್ನು ಕರೆದದ್ದು ನಾವು, ಅವಳಲ್ಲ" ಎಂದ ಜೋಯೆಲ್. ನೇಯೋಮಿ ಅವನ ತೋಳು ಹಿಡಿದಳು, ಆದರೆ ಅವಳ ಕಣ್ಣೂ ತುಂಬಿತ್ತು. ಜೋಯೆಲ್‌ನ ಮಾತಿನಲ್ಲೂ ಆ ಹೆಂಗಸಿನ ಮಾತಿನಲ್ಲೂ ನ್ಯಾಯವಿತ್ತು, ಕಳೆದುಕೊಂಡವರು ಮಾತ್ರ ಈ ಮದುಮಕ್ಕಳು.

ಹಬೀಬಾ ತಮ್ಮ ಊರುಗೋಲು ಕುಟ್ಟಿದರು. "ಕುರ್ಚಿ ತನ್ನಿ! ಮದುವೆಯೋ ಇದು, ಸಾವಿನ ಮನೆಯೋ?"

ಅವರ ಪದ್ಧತಿಯಂತೆ ಗೆಳೆಯರು ಮದುಮಕ್ಕಳನ್ನು ಕುರ್ಚಿಸಮೇತ ಎತ್ತಿ ಕುಣಿಸಿದರು. ಜೋಯೆಲ್‌ನ ಮುಖ ಗಂಟಿಕ್ಕಿಕೊಂಡೇ ಇತ್ತು. ಆಮೇಲೆ ಹಬೀಬಾ ತಮ್ಮನ್ನೂ ಎತ್ತಬೇಕೆಂದು ಹಟ ಹಿಡಿದರು. ಎತ್ತಿದಾಗ ಕುರ್ಚಿ ವಾಲಿತು, ಕೆಳಗಿದ್ದವರು ಕಿರುಚಿದರು, ಜೋಯೆಲ್ ಓಡಿಬಂದು ಒಂದು ಕಾಲನ್ನು ಹೆಗಲಿಗೆ ಕೊಟ್ಟು ಹಿಡಿದ. ಮೂರನೇ ರೀಲು ಹಾಕಿಕೊಂಡ ಕಾರ್ಮೆಲ್ ಊಟದ ಮೇಜಿನ ಮೇಲೆ ಹತ್ತಿ ನಿಂತು ಒಂದೇ ಸಮ ಒತ್ತುತ್ತಿದ್ದಳು.

ಹತ್ತು ದಿನ ಬಿಟ್ಟು ಆಲ್ಬಮ್ ತೆಗೆದುಕೊಂಡು ಕ್ಲಿನಿಕ್ಕಿಗೆ ಹೋದಳು. ಹಬೀಬಾ ಆಗಲೇ ಅಮೆರಿಕಕ್ಕೆ ಹೊರಟುಹೋಗಿದ್ದರು. ನೇಯೋಮಿಯನ್ನು ಕರೆದೊಯ್ಯಲು ಬಂದಿದ್ದ ಜೋಯೆಲ್ ಪುಟ ತಿರುವುತ್ತ, ಏಳು ಸುತ್ತಿನಿಂದ ನೇರ ಕುಣಿತಕ್ಕೆ ಬಂದಾಗ ಕೈ ನಿಲ್ಲಿಸಿದ. ಮುಂದಿನ ಪುಟದಲ್ಲಿ ಅಜ್ಜಿ ಗಾಳಿಯಲ್ಲಿದ್ದರು, ಬಾಯಿ ತೆರೆದು ಕೂಗುತ್ತಿದ್ದರು. ಕೆಳಗೆ ತಾನು, ಹೆಗಲ ಮೇಲೆ ಕುರ್ಚಿಯ ಕಾಲು, ಅಳುತ್ತಿದ್ದಾನೋ ನಗುತ್ತಿದ್ದಾನೋ ಹೇಳಲಾಗದ ಮುಖ.

ಅವನು ಆ ಫೋಟೋದ ಅಂಚಿನ ಮೇಲೆ ಬೆರಳೆಳೆದ.

"ಗಾಜಿನದೂ ಬೇಕಿತ್ತು" ಎಂದ.

"ನನಗೂ ಬೇಕಿತ್ತು" ಎಂದಳು ಕಾರ್ಮೆಲ್.

ಅವನು ಕೈ ಕುಲುಕಿದ, ನಗಲಿಲ್ಲ. ಹೊರಗೆ ಟ್ಯಾಕ್ಸಿಗೆ ಕಾಯುತ್ತ ನಿಂತಾಗ ತಾನು ಮಾಡಿದ್ದು ಸರಿಯೆಂದು ಅವಳಿಗೆ ನೂರಕ್ಕೆ ನೂರು ಅನಿಸಿತ್ತು. ಟ್ಯಾಕ್ಸಿ ಖೈತಾನ್ ಮುಟ್ಟುವ ಹೊತ್ತಿಗೆ ಮತ್ತೆ ಅನುಮಾನ ಬಂತು. ಬೆಚ್ಚಿ ನಗುತ್ತಿದ್ದ ಆ ಮದುಮಗಳ ಮುಖವನ್ನು ಅಷ್ಟು ಹತ್ತಿರದಿಂದ ನೋಡಿದವಳು ತಾನೊಬ್ಬಳೇ. ಅದನ್ನು ಯಾರಿಗೂ ತೋರಿಸುವ ದಾರಿ ಅವಳಿಗೆ ಇನ್ನು ಇರಲಿಲ್ಲ.